ಕೋಳಿಯ ಕುತ್ತಿಗೆಯ ಗ್ರಂಥಿ, ಹೊಟ್ಟೆಯ ಕೊಬ್ಬು

ಕೋಳಿಮಾಂಸದ ವಿಷಯ ಬಂದಾಗಲೆಲ್ಲ ನಮ್ಮ ಜನರಿಂದ ಎರಡು ಮಾತುಗಳನ್ನು ಕೇಳುತ್ತೇವೆ. ಒಂದು ಅಡುಗೆಮನೆಯ ಮಾತು: "ಬ್ರಾಯ್ಲರ್ ಕೋಳಿಗೆ ಹಾರ್ಮೋನಿನ ಸೂಜಿ ಚುಚ್ಚಿ ಬೆಳೆಸುತ್ತಾರಂತೆ, ಅದನ್ನು ತಿಂದೇ ಹೆಂಗಸರಿಗೆಲ್ಲ ಥೈರಾಯಿಡ್ ಬರುತ್ತಿದೆಯಂತೆ, ಹೌದೇ?" ಇನ್ನೊಂದು ಕೋಳಿಮನೆಯ ಮಾತು: "ಮೇವು ಹಾಕಿದ್ದಕ್ಕೆ ತೂಕವೇನೋ ಬಂತು, ಆದರೆ ಕೊಯ್ದು ನೋಡಿದರೆ ಹೊಟ್ಟೆಯೊಳಗೆ ಹಿಡಿ ಹಿಡಿ ಹಳದಿ ಕೊಬ್ಬು. ಗಿರಾಕಿ ಅದನ್ನು ತೆಗೆದುಹಾಕಿ ತೂಗು ಅನ್ನುತ್ತಾನೆ." ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಈ ಎರಡು ಮಾತುಗಳೂ ಕೋಳಿಯ ಕುತ್ತಿಗೆಯ ಬುಡದಲ್ಲಿರುವ ಒಂದು ಜೊತೆ ಸಣ್ಣ ಗ್ರಂಥಿಗಳ ಬಳಿಗೇ ನಮ್ಮನ್ನು ಕರೆದೊಯ್ಯುತ್ತವೆ. ಈ ಸಲ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಉದಾಹರಣೆಗಾಗಿ ನಾವು ಪೆರಿಯಕುಳಂ ಸೀಮೆಯನ್ನು ಆರಿಸಿಕೊಂಡಿದ್ದೇವೆ. 1990ರ ದಶಕದಲ್ಲಿ ಮದುರೈ ಜಿಲ್ಲೆಯಿಂದ ಬೇರೆಯಾದ ತೇನಿ ಜಿಲ್ಲೆಯ ಊರು ಇದು. ದಕ್ಷಿಣಕ್ಕೆ ಕಂಬಂ ಕಣಿವೆ, ಪೂರ್ವಕ್ಕೆ ಬತ್ಲಗುಂಡು, ದಿಂಡುಗಲ್ಲು. ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ದ್ರಾಕ್ಷಿ, ಬಾಳೆ, ತೆಂಗಿನ ಜೊತೆಗೆ ಕೋಳಿಯೂ ಈ ಸೀಮೆಯ ಒಕ್ಕಲುತನದ ಒಂದು ಭಾಗ. ಹಿತ್ತಲಲ್ಲಿ ನಾಟಿ ಕೋಳಿ ಸಾಕುವ ಮನೆಗಳಿವೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂತಿಯ 'ಕಿಳಿಮೂಕು' ಹುಂಜಗಳನ್ನು ಪ್ರೀತಿಯಿಂದ ಸಾಕುವವರಿದ್ದಾರೆ, ಕಂಪನಿಯಿಂದ ಮರಿ ಮತ್ತು ಮೇವು ಪಡೆದು ಬ್ರಾಯ್ಲರ್ ಬೆಳೆಸಿಕೊಡುವ ಶೆಡ್ಡುಗಳೂ ಇವೆ. ಈ ಊರನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣ ಅದರ ನೆತ್ತಿಯ ಮೇಲೆಯೇ ಕೊಡೈಕೆನಾಲ್ ಇರುವುದು. ಮೋಟಾರು ರಸ್ತೆ ಆಗುವ ಮುಂಚೆ ಜನ ಪೆರಿಯಕುಳಂ ಕಡೆಯಿಂದಲೇ ಕಾಲುದಾರಿಯಲ್ಲಿ, ಡೋಲಿಯಲ್ಲಿ ಬೆಟ್ಟ ಹತ್ತುತ್ತಿದ್ದರು. ಬೇಸಿಗೆಯಲ್ಲಿ ಪೆರಿಯಕುಳಂ ಬೇಯುತ್ತಿರುವಾಗ, ಎರಡು ಸಾವಿರ ಮೀಟರಿಗೂ ಎತ್ತರದಲ್ಲಿ ಕೊಡೈಕೆನಾಲಿನವರು ಕಂಬಳಿ ಹೊದ್ದಿರುತ್ತಾರೆ. ಕೋಳಿಯ ಈ ಗ್ರಂಥಿ ಮಾಡುವ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಹೀಗೆ ಬೆಟ್ಟದ ಬುಡ ಮತ್ತು ತುದಿ ಎರಡೂ ಇರುವ ಜಾಗ ಬಹಳ ಅನುಕೂಲ.

ಗ್ರಂಥಿ ಎಲ್ಲಿದೆ?

ನಮಗೆ ಥೈರಾಯಿಡ್ ಗ್ರಂಥಿ ಗಂಟಲಿನ ಮುಂದೆ, ಚಿಟ್ಟೆಯ ಆಕಾರದಲ್ಲಿ ಒಂದೇ ಆಗಿ ಇರುತ್ತದೆ. ಕೋಳಿಗೆ ಅವು ಎರಡು, ಬೇರೆ ಬೇರೆ. ಕುತ್ತಿಗೆ ಎದೆಯನ್ನು ಸೇರುವ ಜಾಗದಲ್ಲಿ, ಶ್ವಾಸನಾಳದ ಎಡಬಲಕ್ಕೆ, ತಲೆಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡು ಇರುತ್ತವೆ. ಕಡುಗೆಂಪು ಬಣ್ಣ, ಉದ್ದುದ್ದ ಗುಂಡಗೆ, ಹೆಚ್ಚುಕಡಿಮೆ ತೊಗರಿಕಾಳಿನ ಗಾತ್ರ. ಕೋಳಿ ಸ್ವಚ್ಛ ಮಾಡುವಾಗ ಕಾಳಿನ ಚೀಲವನ್ನು ತೆಗೆದ ಮೇಲೆ ನಿಧಾನವಾಗಿ ನೋಡಿದರೆ ಕಾಣಸಿಗುತ್ತದೆ. ಮುಂದಿನ ಸಲ ಮಕ್ಕಳಿಗೆ ತೋರಿಸಿ, ಶಾಲೆಯ ಪುಸ್ತಕಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಈ ಗ್ರಂಥಿ ರಕ್ತದಿಂದ ಅಯೋಡಿನ್ ಹೀರಿಕೊಂಡು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಅದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿರುವುದರಿಂದ ಟಿ-4 ಎಂದು ಹೆಸರು. ಆದರೆ ದೇಹದಲ್ಲಿ ನಿಜವಾಗಿ ಕೆಲಸ ಮಾಡುವುದು ಒಂದು ಅಯೋಡಿನ್ ಕಳೆದುಕೊಂಡ ಟಿ-3. ಕೋಳಿಯ ಗ್ರಂಥಿ ಹೊರಬಿಡುವುದು ಬಹುತೇಕ ಟಿ-4 ಮಾತ್ರ. ಅದನ್ನು ಟಿ-3 ಆಗಿ ಬದಲಾಯಿಸುವ ಕೆಲಸ ಪಿತ್ತಜನಕಾಂಗ, ಅಂದರೆ ಅಂಗಡಿಯವರು ಲಿವರ್ ಎಂದು ಕೊಡುವ ಅಂಗ, ಮತ್ತು ಇತರ ಅಂಗಗಳಲ್ಲಿ ನಡೆಯುತ್ತದೆ. ಗ್ರಂಥಿಯನ್ನು ಭತ್ತ ಬೆಳೆಯುವ ಗದ್ದೆ ಎಂದುಕೊಂಡರೆ ಲಿವರ್ ಅಕ್ಕಿಗಿರಣಿ. ಆದರೆ ಇದು ವಿಚಿತ್ರ ಗಿರಣಿ: ಒಂದು ಕಡೆ ಟಿ-4ನ್ನು ಟಿ-3 ಮಾಡುವ ಕಿಣ್ವ, ಪಕ್ಕದಲ್ಲೇ ಆದ ಟಿ-3ನ್ನು ಮುರಿದು ಕೆಲಸಕ್ಕೆ ಬಾರದಂತೆ ಮಾಡುವ ಇನ್ನೊಂದು ಕಿಣ್ವ. ಯಾವುದರ ಕೈ ಮೇಲಾಗಿದೆ ಎಂಬುದರ ಮೇಲೆ ಕೋಳಿಯ ದೇಹದ ಒಲೆ ಜೋರಾಗಿ ಉರಿಯಬೇಕೋ ಮೆಲ್ಲಗೆ ಉರಿಯಬೇಕೋ ನಿರ್ಧಾರವಾಗುತ್ತದೆ.

ಈ ಎರಡನೆಯ ಕಿಣ್ವದ ಮಹತ್ವವನ್ನು ಬಿಡಿಸಿ ತೋರಿಸಿದವರಲ್ಲಿ ಬೆಲ್ಜಿಯಂ ದೇಶದ ಲುವೆನ್ ಕ್ಯಾಥೋಲಿಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮುಖ್ಯರು. ಎಡ್ವರ್ಡ್ ಕೂನ್, ಎಡ್ಡಿ ಡೆಕುಯ್ಪೆರೆ, ವೇರ್ಲೆ ಡಾರಾಸ್ ಮೊದಲಾದವರು 1980-90ರ ದಶಕಗಳಲ್ಲಿ ಕೋಳಿ ಮತ್ತು ಮೊಟ್ಟೆಯೊಳಗಿನ ಮರಿಗಳ ಮೇಲೆ ಮಾಡಿದ ಕೆಲಸ ಇಂದಿಗೂ ಈ ಶಾಸ್ತ್ರದ ತಳಪಾಯ. (ದೇವಶಾಸ್ತ್ರಕ್ಕೆ ಹೆಸರಾದ ಊರು ಕೋಳಿಶಾಸ್ತ್ರಕ್ಕೂ ಹೆಸರಾಗಿದೆ ಎಂದರೆ ನಮ್ಮ ಗುರುಗಳಿಗೆ ಸಂತೋಷವಾದೀತು.) ಕೋಳಿಯ ಬೆಳವಣಿಗೆ ಹಾರ್ಮೋನು ಮುಖ್ಯವಾಗಿ ಟಿ-3ನ್ನು ಮುರಿಯುವ ಕಿಣ್ವವನ್ನು ತಡೆಯುವ ಮೂಲಕವೇ ರಕ್ತದಲ್ಲಿ ಟಿ-3 ಏರುವಂತೆ ಮಾಡುತ್ತದೆ ಎಂದು ಅವರು ಕಂಡುಕೊಂಡರು. ಕೋಳಿಗೆ ಒಂದು ದಿನ ಮೇವು ನಿಲ್ಲಿಸಿ ನೋಡಿ. ಮುರಿಯುವ ಕಿಣ್ವ ಹೆಚ್ಚುತ್ತದೆ, ಟಿ-3 ಕುಸಿಯುತ್ತದೆ, ಒಲೆ ತಣ್ಣಗಾಗುತ್ತದೆ. ಮತ್ತೆ ಮೇವು ಹಾಕಿದರೆ ಟಿ-3 ಏರುತ್ತದೆ. ಬಡವನ ಮನೆಯಲ್ಲಿ ಸೌದೆ ಕಡಿಮೆಯಾದಾಗ ಒಲೆಯಿಂದ ಕೊಳ್ಳಿ ಹಿಂದಕ್ಕೆ ಎಳೆಯುವುದಿಲ್ಲವೇ, ಹಾಗೆ.

ಇದೆಲ್ಲ ಕೋಳಿಯಲ್ಲಿ ಬೇಗ ಬೇಗ ನಡೆಯುತ್ತದೆ. ಮನುಷ್ಯರ ರಕ್ತದಲ್ಲಿ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಕೋಳಿಯಲ್ಲಿ ಅದಕ್ಕೆ ಕೆಲವೇ ಗಂಟೆಗಳು ಸಾಕು, ಏಕೆಂದರೆ ಹಾರ್ಮೋನನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನು ನಮ್ಮ ರಕ್ತದಲ್ಲಿದೆ, ಅದರ ರಕ್ತದಲ್ಲಿಲ್ಲ. ಆದ್ದರಿಂದ ಬೆಳಗಿನ ಮೇವು, ಮಧ್ಯಾಹ್ನದ ಬಿಸಿಲು, ರಾತ್ರಿಯ ಚಳಿ ಎಲ್ಲವೂ ಅದೇ ದಿನ ಕೋಳಿಯ ಟಿ-3ರಲ್ಲಿ ಲೆಕ್ಕ ಹತ್ತುತ್ತವೆ.

ಕೊಬ್ಬು ಎಲ್ಲಿ ಹುಟ್ಟುತ್ತದೆ?

ಹಂದಿಯಲ್ಲಿ ಕೊಬ್ಬು ಹೆಚ್ಚಾಗಿ ಕೊಬ್ಬಿನ ಪದರದಲ್ಲೇ ತಯಾರಾಗುತ್ತದೆ. ಕೋಳಿಯಲ್ಲಿ ಹಾಗಲ್ಲ. ತಿಂದ ಜೋಳದ ಪಿಷ್ಟವನ್ನು ಕೊಬ್ಬಾಗಿ ಮಾರ್ಪಡಿಸುವ ಕೆಲಸ ಬಹುಪಾಲು ಲಿವರಿನಲ್ಲೇ ನಡೆಯುತ್ತದೆ. ಅಲ್ಲಿಂದ ರಕ್ತದ ಮೂಲಕ ಹೊಟ್ಟೆಯ ಕೆಳಭಾಗಕ್ಕೆ, ಚರ್ಮದ ಅಡಿಗೆ ಸಾಗಿ ಶೇಖರವಾಗುತ್ತದೆ. ಮೊಟ್ಟೆಕೋಳಿಯಲ್ಲಾದರೆ ಅದೇ ಕೊಬ್ಬು ಹಳದಿ ಭಂಡಾರಕ್ಕೆ ಹೋಗುತ್ತದೆ. ಆದ್ದರಿಂದ ಕೋಳಿಯ ಲಿವರಿನ ಬಣ್ಣ ನೋಡಿಯೇ ಅದು ಹೇಗೆ ತಿಂದಿದೆ ಎಂದು ಹೇಳಬಹುದು. ಕೆಂಗಂದು ಬಣ್ಣವಿದ್ದರೆ ಸರಿ. ಸೇವಂತಿಗೆ ಹಳದಿಗೆ ತಿರುಗಿ, ಕೈಯಲ್ಲಿ ಹಿಡಿದರೆ ಒಡೆಯುವಂತಿದ್ದರೆ ಕೊಬ್ಬು ಅಲ್ಲೇ ಸಿಕ್ಕಿಕೊಂಡಿದೆ ಎಂದು ಅರ್ಥ. ಗೂಡಿನಲ್ಲಿ ಕೂತು ಜೋಳ ತಿನ್ನುವ ಮೊಟ್ಟೆಕೋಳಿಗಳಲ್ಲಿ ಇಂಥ ಲಿವರ್ ಒಡೆದು ರಕ್ತ ಸೋರಿ, ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಕೋಳಿ ಬೆಳಗಾಗುವಾಗ ಸತ್ತು ಬಿದ್ದಿರುವುದುಂಟು.

ಮೊಟ್ಟೆಯೊಳಗಿರುವ ಇಪ್ಪತ್ತೊಂದು ದಿನ ಮರಿಯ ಆಹಾರ ಹಳದಿಯ ಕೊಬ್ಬೇ. ಆಗ ಅದರ ಲಿವರಿಗೆ ಕೊಬ್ಬು ಮಾಡುವ ಕೆಲಸವೇ ಇಲ್ಲ. ಹೊರಬರುವ ಹೊತ್ತಿಗೆ, ಮರಿ ಚಿಪ್ಪು ಕುಕ್ಕಿ ಶ್ವಾಸಕೋಶದಿಂದ ಉಸಿರಾಡತೊಡಗಿದಾಗ, ರಕ್ತದಲ್ಲಿ ಟಿ-3 ಒಮ್ಮೆಲೇ ಏರುತ್ತದೆ. ಹೊರಬಂದು ಮೊದಲ ನುಚ್ಚು ತಿಂದ ಮೇಲೆ ಲಿವರಿನಲ್ಲಿ ಕೊಬ್ಬು ಮಾಡುವ ಕಿಣ್ವಗಳು ಹತ್ತಾರು ಪಟ್ಟು ಹೆಚ್ಚುತ್ತವೆ. ಅಲನ್ ಗುಡ್‌ರಿಜ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಮರಿಯ ಲಿವರಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಇದನ್ನು ಪರೀಕ್ಷಿಸಿದರು. ತಟ್ಟೆಗೆ ಇನ್ಸುಲಿನ್ ಮತ್ತು ಟಿ-3 ಎರಡನ್ನೂ ಹಾಕಿದರೆ ಕೊಬ್ಬು ಮಾಡುವ ಕಿಣ್ವಗಳು ಜೋರಾಗಿ ಹೆಚ್ಚಿದವು. ಉಪವಾಸದ ಹಾರ್ಮೋನಾದ ಗ್ಲೂಕಗಾನ್ ಹಾಕಿದರೆ ನಿಂತುಹೋದವು.

ಇಲ್ಲಿ ಚುರುಕಾದ ಓದುಗರು ಒಂದು ಪ್ರಶ್ನೆ ಕೇಳಬೇಕು. ಟಿ-3 ಕೊಬ್ಬು ಮಾಡಿಸುತ್ತದೆ ಎಂದಾದರೆ ಟಿ-3 ಹೆಚ್ಚಾದ ಕೋಳಿ ದಪ್ಪಗಾಗಬೇಕಲ್ಲವೇ? ಆದರೆ ಬದುಕಿರುವ ಕೋಳಿಯಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಮೇವಿನಲ್ಲಿ ಟಿ-3 ಬೆರೆಸಿ ತಿನ್ನಿಸಿದ ಕೋಳಿಗಳ ಹೊಟ್ಟೆಯ ಕೊಬ್ಬು ಕರಗಿತು, ತೂಕವೂ ಇಳಿಯಿತು. ಗ್ರಂಥಿಯ ಕೆಲಸ ತಡೆಯುವ ಔಷಧ ತಿನ್ನಿಸಿದ ಕೋಳಿಗಳು ನಿಧಾನವಾಗಿ ಬೆಳೆದವು, ಆದರೆ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಾಯಿತು. ಗಾಜಿನ ತಟ್ಟೆಯಲ್ಲಿ ಒಂದು, ಕೋಳಿಯಲ್ಲಿ ಇನ್ನೊಂದು.

ಇದರ ಅರ್ಥ ಹೀಗೆ. ಟಿ-3 ಅಡುಗೆಮನೆಯ ಯಜಮಾನಿ ಇದ್ದ ಹಾಗೆ. ಅವಳಿದ್ದರೆ ಅಡುಗೆಯೂ ನಡೆಯುತ್ತದೆ, ಒಲೆಯೂ ಉರಿಯುತ್ತದೆ. ಕೊಬ್ಬು ತಯಾರಿಸುವ ಕಿಣ್ವಗಳಿಗೆ ಅವಳ ಅಪ್ಪಣೆ ಬೇಕು, ನಿಜ. ಆದರೆ ಅವಳು ಮಿತಿಮೀರಿ ಚುರುಕಾದರೆ ಇಡೀ ಮನೆ ಉರಿದು ಖರ್ಚಾಗುತ್ತದೆ, ಮಾಡಿದ ಕೊಬ್ಬು ಉಳಿಯುವುದಿಲ್ಲ, ಸ್ನಾಯು ಕೂಡ ಕರಗುತ್ತದೆ. ಅವಳು ಮಂಕಾದರೆ ಖರ್ಚು ನಿಂತು ಉಳಿದದ್ದೆಲ್ಲ ಹೊಟ್ಟೆಯಲ್ಲಿ ಗಂಟಾಗುತ್ತದೆ. ಕುಳ್ಳ ತಳಿಯ ಕೋಳಿಗಳಲ್ಲಿ ಇದನ್ನು ಪ್ರಕೃತಿಯೇ ತೋರಿಸಿದೆ. ತಂದೆಯಿಂದ ಹೆಣ್ಣುಮರಿಗೆ ಬರುವ ಒಂದು ವಂಶವಾಹಿಯ ದೋಷದಿಂದ ಇವುಗಳ ಲಿವರಿಗೆ ಬೆಳವಣಿಗೆ ಹಾರ್ಮೋನಿನ ಮಾತು ಕೇಳಿಸುವುದಿಲ್ಲ. ಗ್ರಂಥಿ ಟಿ-4 ಕೊಡುತ್ತಿದ್ದರೂ ಟಿ-3 ಕಡಿಮೆ, ಮೈ ಗಿಡ್ಡ, ಕೊಬ್ಬು ಹೆಚ್ಚು.

ಸೂಜಿಯ ಸುದ್ದಿ

ಈಗ ಅಡುಗೆಮನೆಯ ಪ್ರಶ್ನೆಗೆ ಬರೋಣ. ಮೇಲೆ ಹೇಳಿದ್ದರಲ್ಲೇ ಅದಕ್ಕೆ ಅರ್ಧ ಉತ್ತರ ಸಿಕ್ಕಿದೆ.

ಬೆಳವಣಿಗೆ ಹಾರ್ಮೋನು ಒಂದು ಪ್ರೋಟೀನು. ಮೇವಿನಲ್ಲಿ ಹಾಕಿದರೆ ಬೇಳೆಯಂತೆ ಜೀರ್ಣವಾಗಿ ಹೋಗುತ್ತದೆ. ಚುಚ್ಚಬೇಕೆಂದರೆ ಐದು ಸಾವಿರ ಕೋಳಿಯ ಶೆಡ್ಡಿನಲ್ಲಿ ಒಂದೊಂದನ್ನೂ ಹಿಡಿದು ಮತ್ತೆ ಮತ್ತೆ ಚುಚ್ಚಬೇಕು. ಒಂದು ಕೋಳಿಯ ಮೇಲೆ ಕೆಲವೇ ರೂಪಾಯಿ ಉಳಿಯುವ ಕಸುಬಿನಲ್ಲಿ ಯಾರು ಅಷ್ಟು ಕೂಲಿ ಕೊಟ್ಟಾರು? ಚುಚ್ಚಿ ನೋಡಿದ ಪ್ರಯೋಗಗಳಲ್ಲೂ ಮಾಂಸದ ಕೋಳಿ ಹೇಳಿಕೊಳ್ಳುವಷ್ಟು ಬೇಗ ಬೆಳೆದದ್ದಿಲ್ಲ.

ಥೈರಾಯಿಡ್ ಹಾರ್ಮೋನು ಹಾಗಲ್ಲ, ಅದು ಬಾಯಿಂದ ತಿಂದರೂ ಕೆಲಸ ಮಾಡುತ್ತದೆ. ನಮ್ಮ ಮಾತ್ರೆಗಳು ಕೆಲಸ ಮಾಡುವುದೂ ಹಾಗೆಯೇ. ಆದ್ದರಿಂದ ಈ ಅನುಮಾನವನ್ನು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಅದನ್ನು ಹಾಕುವವನಿಗೆ ಏನು ಲಾಭ? ಹೆಚ್ಚಿಸಿದರೆ ಕೋಳಿ ಬಡಕಲಾಗಿ ಹೃದಯ ಕೈಕೊಡುತ್ತದೆ. ತಗ್ಗಿಸಿದರೆ ಬೆಳವಣಿಗೆಯೇ ನಿಂತು ಮೇವು ಕೊಬ್ಬಾಗುತ್ತದೆ. ಇದು ಬರೀ ತರ್ಕವಲ್ಲ, ಒಂದು ಕಾಲದಲ್ಲಿ ಮಾಡಿ ನೋಡಿದ್ದೂ ಹೌದು. 1940ರ ದಶಕದಲ್ಲಿ ಅಮೆರಿಕದಲ್ಲಿ ಗ್ರಂಥಿಯನ್ನು ತಡೆಯುವ ಥಯೋಯುರಾಸಿಲ್ ತಿನ್ನಿಸಿ ಕೋಳಿ ಕೊಬ್ಬಿಸಲು ನೋಡಿದರು. ಹಾಲಿನ ಪ್ರೋಟೀನಿಗೆ ಅಯೋಡಿನ್ ಸೇರಿಸಿ ಥೈರಾಯಿಡ್ ಹಾರ್ಮೋನಿನಂತೆ ಕೆಲಸ ಮಾಡುವ ಪುಡಿಯನ್ನೂ ತಯಾರಿಸಿದರು. ಎರಡೂ ಕೋಳಿ ಸಾಕಣೆಯಲ್ಲಿ ನೆಲೆಗೊಳ್ಳಲಿಲ್ಲ. ಅದೇ ಕಾಲದಲ್ಲಿ ಹುಂಜಗಳ ಕುತ್ತಿಗೆಯ ಚರ್ಮದ ಅಡಿಗೆ ಸ್ಟಿಲ್ಬೆಸ್ಟ್ರಾಲ್ ಎಂಬ ಹೆಣ್ಣು ಹಾರ್ಮೋನಿನ ಗುಳಿಗೆ ಇಟ್ಟು ಕೊಬ್ಬಿಸುವುದು ಮಾತ್ರ ಅಲ್ಲಿ ಕೆಲವು ವರ್ಷ ನಡೆಯಿತು. 1959ರಲ್ಲಿ ಕೋಳಿಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಿದರು. ಇಂದು ನಮ್ಮ ಊರಿಗೆ ಬಂದಿರುವ 'ಸೂಜಿ'ಯ ಮಾತಿನ ಬೇರು ಆ ಹಳೆಯ ಗುಳಿಗೆಯಲ್ಲಿ ಇರಬಹುದೆಂದು ನಮ್ಮ ಊಹೆ.

ಹಾಗಾದರೆ ಬ್ರಾಯ್ಲರ್ ನಲವತ್ತು ದಿನಕ್ಕೆ ಎರಡು ಕಿಲೋ ದಾಟುವುದು ಹೇಗೆ? ತಳಿಯ ಆಯ್ಕೆ, ಮತ್ತು ಮೇವು. ಬೇಗ ಬೆಳೆಯುವ ಹುಂಜ, ಹೇಟೆಗಳನ್ನೇ ತಲೆತಲಾಂತರ ಆರಿಸಿ ಕೂಡಿಸಿದ ಫಲ. ಕೊಬ್ಬು ಕೂಡ ವಂಶದಿಂದ ಬರುತ್ತದೆ. ಫ್ರಾನ್ಸಿನ ಸರಕಾರಿ ಸಂಶೋಧನಾ ಕೇಂದ್ರದಲ್ಲಿ ಒಂದೇ ಮೂಲದಿಂದ ಆರಂಭಿಸಿ ಕೆಲವೇ ಪೀಳಿಗೆಗಳಲ್ಲಿ ಎರಡು ಸಾಲು ಬೆಳೆಸಿದರು. ತೂಕ ಒಂದೇ, ಆದರೆ ಒಂದು ಸಾಲಿನ ಹೊಟ್ಟೆಯ ಕೊಬ್ಬು ಇನ್ನೊಂದರ ಹಲವು ಪಟ್ಟು. ನಮ್ಮ ಹಿತ್ತಲ ನಾಟಿ ಕೋಳಿ ಕೊಬ್ಬದಿರುವುದಕ್ಕೆ ಕಾರಣ ಅದರ ತಳಿ, ಅದರ ಓಡಾಟ, ಮತ್ತು ಅದಕ್ಕೆ ಯಾರೂ ಹೊಟ್ಟೆ ತುಂಬ ಜೋಳ ಹಾಕದಿರುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಗಿರಿರಾಜ ಕೋಳಿಯನ್ನೂ ಗೂಡಿನಲ್ಲಿ ಕೂಡಿ ಹಾಕಿ ಬ್ರಾಯ್ಲರ್ ಮೇವು ತಿನ್ನಿಸಿದರೆ ಕೊಬ್ಬಿದ ಕೋಳಿಯೇ ಕೈಗೆ ಬರುತ್ತದೆ.

ಕೋಳಿ ಸಾಕಣೆಯಲ್ಲಿ ನಿಜವಾಗಿ ಚಿಂತಿಸಬೇಕಾದ ಔಷಧ ಹಾರ್ಮೋನಲ್ಲ, ಬೇಕಾಬಿಟ್ಟಿ ಬಳಸುವ ಜೀವಿರೋಧಕಗಳು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಔಷಧವನ್ನು ಪಶು, ಕೋಳಿಗಳಿಗೆ ಕೊಡುವುದನ್ನು ಭಾರತ ಸರಕಾರ 2019ರಲ್ಲಿ ನಿಷೇಧಿಸಿತು. ಇಲ್ಲದ ಸೂಜಿಯ ಬಗ್ಗೆ ಹೆದರುವ ನಾವು ಇರುವ ಪುಡಿಯ ಬಗ್ಗೆ ಕೇಳುವುದೇ ಇಲ್ಲ. ಇದು ಪ್ರತ್ಯೇಕ ಲೇಖನಕ್ಕೇ ಆಗುವ ವಿಷಯ.

ಬೆಟ್ಟದ ಬುಡದಲ್ಲಿ, ಬೆಟ್ಟದ ಮೇಲೆ

ಕೋಳಿಯ ಮೈ ಬಿಸಿ 41ರಿಂದ 42 ಡಿಗ್ರಿ. ಅದಕ್ಕೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೊಂದೇ ದಾರಿ. ಏಪ್ರಿಲ್, ಮೇ ತಿಂಗಳಲ್ಲಿ ಪೆರಿಯಕುಳಂನಲ್ಲಿ ಮಾವು ಹಣ್ಣಾಗುವ ಬಿಸಿಲಿಗೆ ಕೋಳಿಯ ದೇಹ ಮೊದಲು ಮಾಡುವ ಕೆಲಸ ಟಿ-3ನ್ನು ಇಳಿಸುವುದು. ಒಳಗಿನ ಒಲೆ ತಗ್ಗಿದರೆ ತಾನೇ ಹೊರಗಿನ ಬಿಸಿಲು ತಡೆಯಲು ಸಾಧ್ಯ? ಮೇವು ತಿನ್ನುವುದೂ ಕಡಿಮೆಯಾಗುತ್ತದೆ. ಆಗ ಕೋಳಿ ತೆಳ್ಳಗಾಗಬೇಕು ಎಂದು ನಾವು ಎಣಿಸುತ್ತೇವೆ. ಫ್ರಾನ್ಸಿನವರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 22 ಡಿಗ್ರಿಯಲ್ಲಿ ಮತ್ತು 32 ಡಿಗ್ರಿಯಲ್ಲಿ ಬ್ರಾಯ್ಲರುಗಳನ್ನು ಬೆಳೆಸಿ ಹೋಲಿಸಿದಾಗ ಸೆಕೆಯಲ್ಲಿದ್ದವು ಕಡಿಮೆ ತೂಗಿದವು, ಆದರೆ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಿತ್ತು, ಟಿ-3 ತಗ್ಗಿತ್ತು. ಅಂದರೆ ಬೇಸಿಗೆಯ ಬ್ಯಾಚಿನಲ್ಲಿ ಸಾಕುವವನಿಗೆ ಎರಡು ಕಡೆಯಿಂದ ಪೆಟ್ಟು. ತೂಕ ಬರುವುದಿಲ್ಲ, ಬಂದ ತೂಕದಲ್ಲೂ ಗಿರಾಕಿ ಬೇಡ ಎನ್ನುವ ಭಾಗವೇ ಹೆಚ್ಚು. ಪಾಸ್ಕ ಹಬ್ಬಕ್ಕೆ ಒಳ್ಳೆಯ ಬೆಲೆ ಇರುತ್ತದೆಂದು ತಪಸ್ಸುಕಾಲದಲ್ಲಿ ಮರಿ ಬಿಡುವವರು ಈ ಲೆಕ್ಕವನ್ನೂ ಹಾಕಿಕೊಳ್ಳಬೇಕು.

ಕೊಬ್ಬು ಏಕೆ ನಷ್ಟ ಎಂದು ಕೇಳಬಹುದು, ತೂಕ ತೂಕವೇ ಅಲ್ಲವೇ? ಅಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಶಕ್ತಿ ಅಡಗಿದೆ. ಸ್ನಾಯುವಿನಲ್ಲಾದರೆ ಮುಕ್ಕಾಲು ಪಾಲು ನೀರೇ. ಒಂದೇ ತೂಕದ ಕೊಬ್ಬು ಬೆಳೆಸಲು ಮಾಂಸಕ್ಕಿಂತ ಎಷ್ಟೋ ಹೆಚ್ಚು ಮೇವು ಸುಡಬೇಕು. ಕಂಪನಿಯವರು ಬೆಳೆಸಿಕೊಟ್ಟ ಕೂಲಿಯನ್ನು ಲೆಕ್ಕ ಹಾಕುವುದು ಎಷ್ಟು ಮೇವಿಗೆ ಎಷ್ಟು ತೂಕ ಬಂತು ಎಂಬುದರ ಮೇಲೆ. ಹಾಗಾಗಿ ಕೋಳಿಯ ಹೊಟ್ಟೆಯೊಳಗಿನ ಹಿಡಿ ಕೊಬ್ಬು ಸಾಕಿದವನ ಕೂಲಿಚೀಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಈಗ ಅದೇ ಮರಿಯನ್ನು ಬೆಟ್ಟದ ಮೇಲೆ ಕೊಂಡೊಯ್ದೆವು ಎಂದುಕೊಳ್ಳಿ. ಚಳಿಗೆ ಟಿ-3 ಏರುತ್ತದೆ, ಒಲೆ ಜೋರಾಗುತ್ತದೆ, ತಿಂದ ಮೇವಿನ ದೊಡ್ಡ ಪಾಲು ಬಿಸಿಯಾಗಿ ಖರ್ಚಾಗುತ್ತದೆ. ಕೊಬ್ಬು ಕಡಿಮೆ, ಒಳ್ಳೆಯದೇ ಆಯಿತಲ್ಲ ಎನ್ನುವಂತಿಲ್ಲ. ಒಲೆ ಜೋರಾದರೆ ಗಾಳಿ ಹೆಚ್ಚು ಬೇಕು. ಎತ್ತರದಲ್ಲಿ ಗಾಳಿ ತೆಳು. ಬೇಗ ಬೆಳೆಯುವ ಬ್ರಾಯ್ಲರಿನ ಹೃದಯ, ಶ್ವಾಸಕೋಶಗಳಿಗೆ ಆ ಬೇಡಿಕೆ ಪೂರೈಸಲು ಆಗದೆ ಹೃದಯದ ಬಲಭಾಗ ಹಿಗ್ಗಿ, ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತದೆ. ಈ ಜಲೋದರ ರೋಗ ಮೊದಲು ಜನರ ಗಮನಕ್ಕೆ ಬಂದದ್ದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಎತ್ತರದ ನಾಡುಗಳಲ್ಲಿ. ಟಿ-3 ತಿನ್ನಿಸಿದ ಕೋಳಿಗಳಲ್ಲೂ ಇದೇ ರೋಗ ಹೆಚ್ಚಿತು. ಬೆಟ್ಟದ ಊರುಗಳಲ್ಲಿ ಬ್ರಾಯ್ಲರ್ ಸಾಕಲು ಹೊರಡುವವರು, ಬುಡದಲ್ಲಿದ್ದರೂ ಡಿಸೆಂಬರಿನ ಗಾಳಿಗೆ ಶೆಡ್ಡಿನ ಪರದೆ ಕಟ್ಟದೆ ಬಿಡುವವರು ಇದನ್ನು ನೆನಪಿಡಬೇಕು. ಹೊಟ್ಟೆ ಉಬ್ಬಿ, ಜುಟ್ಟು ನೀಲಿಗಟ್ಟಿ ಸತ್ತ ಕೋಳಿಯನ್ನು ಗುಂಡಿಗೆ ಹಾಕುವ ಮುಂಚೆ ಪಶುವೈದ್ಯರಿಗೆ ತೋರಿಸಿ. ತೇನಿಯಲ್ಲೇ 2020ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಗಿದೆ. ನಾಮಕ್ಕಲ್ ತನಕ ಹೋಗಬೇಕಾದ ಕಾಲ ಹೋಯಿತು.

ಏನು ಮಾಡಬಹುದು?

ಹಾರ್ಮೋನನ್ನು ನಾವು ಕೈಯಾರೆ ತಿರುಗಿಸುವ ಅಗತ್ಯವಿಲ್ಲ, ತಿರುಗಿಸಲೂ ಬಾರದು. ತೂಕ ಬರಲೆಂದು ಅಥವಾ ಕೊಬ್ಬು ಇಳಿಯಲೆಂದು ನೀರಿಗೆ ಥೈರಾಯಿಡ್ ಮಾತ್ರೆ ಬೆರೆಸಲು ಯಾರಾದರೂ ಹೇಳಿದರೆ ಅವರಿಗೆ ಬಾಗಿಲು ತೋರಿಸಿ. ಮೇವು ಮತ್ತು ಗಾಳಿ, ಇವೆರಡೇ ನಮ್ಮ ಕೈಯಲ್ಲಿರುವುದು.

ಮೇವಿನಲ್ಲಿ ಪ್ರೋಟೀನು ಕಡಿಮೆಯಾಗಿ ಪಿಷ್ಟ ಹೆಚ್ಚಾದಷ್ಟೂ ಲಿವರ್ ಕೊಬ್ಬು ಮಾಡುತ್ತದೆ. ಕೋಳಿಗೆ ಬೇಕಾದಷ್ಟು ಪ್ರೋಟೀನು ಸಿಗುವವರೆಗೆ ಅದು ತಿನ್ನುತ್ತಲೇ ಇರುತ್ತದೆ, ಜೊತೆಗೆ ಹೋದ ಪಿಷ್ಟವೆಲ್ಲ ಹೊಟ್ಟೆಯಲ್ಲಿ ಕೂರುತ್ತದೆ. ಮಾಂಸದ ಕೋಳಿಗೆ ಮೊದಲ ವಾರಗಳಲ್ಲಿ ನೂರಕ್ಕೆ 22-23 ಪಾಲು, ಮಾರುವ ಮುಂಚಿನ ದಿನಗಳಲ್ಲಿ 19-20 ಪಾಲು ಪ್ರೋಟೀನು ಇರಬೇಕು. ಮೇವು ದುಬಾರಿಯಾಯಿತೆಂದು ಚೀಲದ ಮೇವಿಗೆ ಮನೆಯ ಜೋಳದ ನುಚ್ಚು, ಅಕ್ಕಿ ತೌಡು ಬೆರೆಸಿ ಹಿಗ್ಗಿಸುವವರಿದ್ದಾರೆ. ಉಳಿತಾಯವೆಂದು ಕಾಣುವ ಈ ಕೆಲಸವೇ ಹಳದಿ ಕೊಬ್ಬಿನ ಮೊದಲ ಕಾರಣ. ಬೆರೆಸಲೇಬೇಕಾದರೆ ಸೋಯಾ ಹಿಂಡಿಯನ್ನೂ ಲೆಕ್ಕ ಹಾಕಿ ಸೇರಿಸಿ.

ಅಯೋಡಿನಿನ ಮಾತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಪಟ್ಟಿಯಂತೆ ಕೋಳಿಗೆ ಕಿಲೋ ಮೇವಿಗೆ ಬೇಕಾದದ್ದು 0.35 ಮಿಲಿಗ್ರಾಂ ಮಾತ್ರ. ಖನಿಜ ಮಿಶ್ರಣ ಹಾಕಿದ ಮೇವಿನಲ್ಲಿ ಇದು ಇರುತ್ತದೆ. ಮನೆಯಲ್ಲೇ ಮೇವು ಕಲಸುವವರು ಮರೆಯುವುದು ಇದನ್ನೇ. ಕೆಲವು ಬೆಳೆಗಳು ಗ್ರಂಥಿಯ ಕೆಲಸವನ್ನು ತಡೆಯುತ್ತವೆ: ಸಾಸಿವೆ ಜಾತಿಯ ಹಿಂಡಿ, ಹಸಿ ಮರಗೆಣಸು, ಸರಿಯಾಗಿ ಹುರಿಯದ ಸೋಯಾ. ಸಜ್ಜೆಯಲ್ಲೂ ಇಂಥ ಗುಣವಿದೆ. ಸೂಡಾನ್ ದೇಶದ ಡಾರ್ಫುರ್ ಪ್ರಾಂತ್ಯದಲ್ಲಿ ಸಜ್ಜೆಯೇ ಮುಖ್ಯ ಆಹಾರವಾಗಿದ್ದು ಅಯೋಡಿನ್ ಕೊರತೆಯೂ ಸೇರಿದ್ದ ಜನರಲ್ಲಿ ಗಳಗಂಡ ಹೆಚ್ಚಾಗಿದ್ದುದನ್ನು ವಿಜ್ಞಾನಿಗಳು ಅಭ್ಯಾಸ ಮಾಡಿದ್ದಾರೆ. ಹಾಗೆಂದು ಸಜ್ಜೆ ಬಿಡಬೇಕಿಲ್ಲ, ಜೋಳಕ್ಕಿಂತ ಪ್ರೋಟೀನು ಹೆಚ್ಚಿರುವ ಒಳ್ಳೆಯ ಕಾಳು ಅದು. ಸಜ್ಜೆಯ ಜೊತೆ ಖನಿಜ ಮಿಶ್ರಣ ತಪ್ಪಿಸಬೇಡಿ, ಅಷ್ಟೆ. ಅಯೋಡಿನ್ ಕೊರತೆಯಾದ ಹಿಂಡಿನಲ್ಲಿ ಗ್ರಂಥಿ ಉಬ್ಬುತ್ತದೆ, ಗರಿಗಳು ಉದ್ದವಾಗಿ ಜಾಲರಿಯಂತೆ ಬಿಡಿಬಿಡಿಯಾಗುತ್ತವೆ.

ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮೇವಿನ ತಟ್ಟೆ ಮೇಲಕ್ಕೆ ಕಟ್ಟಿ. ತಿಂದದ್ದು ಅರಗುವಾಗ ಹುಟ್ಟುವ ಬಿಸಿಯೇ ಎಷ್ಟೋ ಕೋಳಿಗಳನ್ನು ಮಧ್ಯಾಹ್ನ ಕೊಲ್ಲುತ್ತದೆ. ನಸುಕಿನಲ್ಲಿ, ರಾತ್ರಿ ತಂಪಿನಲ್ಲಿ ದೀಪ ಹಾಕಿ ತಿನ್ನಿಸಿ. ನೀರಿನ ತೊಟ್ಟಿ ಬಿಸಿಲಲ್ಲಿದ್ದರೆ ನೀರು ಕುಡಿಯಲಾರದಷ್ಟು ಕಾದಿರುತ್ತದೆ, ಅದಕ್ಕೆ ನೆರಳು ಮಾಡಿ. ಶೆಡ್ಡಿನ ಮಾಡಿಗೆ ಸುಣ್ಣ ಬಳಿದು ತೆಂಗಿನ ಗರಿ ಹೊದಿಸುವುದು ಕಂಬಂ ಕಣಿವೆಯವರಿಗೆ ನಾವು ಹೇಳಿಕೊಡಬೇಕಿಲ್ಲ. ಎಳೆಯ ಮರಿಗಳಿಗೆ ಮಾತ್ರ ಇದು ಅನ್ವಯಿಸದು. ಮೊದಲ ವಾರ ಅವುಗಳಿಗೆ 32ರಿಂದ 35 ಡಿಗ್ರಿ ಕಾವು ಬೇಕೇ ಬೇಕು.

ಮನೆಯವರ ಥೈರಾಯಿಡ್

2013ರಲ್ಲಿ ಪ್ರಕಟವಾದ ಎಂಟು ನಗರಗಳ ಸಮೀಕ್ಷೆಯಲ್ಲಿ ನಮ್ಮ ದೇಶದ ದೊಡ್ಡವರಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಥೈರಾಯಿಡ್ ಕಡಿಮೆ ಕೆಲಸ ಮಾಡುತ್ತಿರುವುದು ಕಂಡುಬಂತು. ಹೆಂಗಸರೇ ಹೆಚ್ಚು. ಇದಕ್ಕೆ ಬಹುತೇಕ ಕಾರಣ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು, ಕೆಲವೆಡೆ ಅಯೋಡಿನ್ ಕೊರತೆ. ಕೋಳಿ ತಿಂದು ಬಂದದ್ದಲ್ಲ. ಹೆಣ್ಣುಮಕ್ಕಳು ಬೇಗ ದೊಡ್ಡವರಾಗುವುದಕ್ಕೂ ಚಿಕ್ಕಂದಿನ ಪುಷ್ಟಿ ಮತ್ತು ಮೈಕೊಬ್ಬು ಮುಖ್ಯ ಕಾರಣ. ಅದು ಕೋಳಿಯಿಂದಲೂ ಬರಬಹುದು, ಬೇಕರಿಯಿಂದ ಇನ್ನೂ ಬೇಗ ಬರುತ್ತದೆ.

ಮಾಂಸದಿಂದ ಥೈರಾಯಿಡ್ ತೊಂದರೆ ಬಂದ ಪ್ರಕರಣ ಇಲ್ಲವೇ ಇಲ್ಲ ಎನ್ನಲಾರೆವು. 1984-85ರಲ್ಲಿ ಅಮೆರಿಕದ ಮಿನ್ನೆಸೋಟ, ದಕ್ಷಿಣ ಡಕೋಟ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಎದೆಬಡಿತ, ನಡುಕ, ನಿದ್ರೆಗೇಡು ಶುರುವಾಯಿತು. ಹುಡುಕಿದಾಗ ಕಸಾಯಿಖಾನೆಯಲ್ಲಿ ದನದ ಕುತ್ತಿಗೆಯ ಮಾಂಸ ಸವರುವಾಗ ಥೈರಾಯಿಡ್ ಗ್ರಂಥಿಯೂ ಸೇರಿ ಕೈಮಾದೊಳಗೆ ಹೋಗಿತ್ತು. ದನದ ಗ್ರಂಥಿ ದೊಡ್ಡದು. ಕೋಳಿಯದು ಕಾಳಿನಷ್ಟು, ಅದೂ ಶ್ವಾಸನಾಳ ಎಳೆದು ಸ್ವಚ್ಛ ಮಾಡುವಾಗ ಹೆಚ್ಚಾಗಿ ಹೊರಗೇ ಹೋಗುತ್ತದೆ. ದನ, ಆಡು, ಹಂದಿಯ ಗಂಟಲಿನ ಭಾಗವನ್ನು ಕೊಳ್ಳುವಾಗ ಮಾತ್ರ ಸ್ವಚ್ಛ ಮಾಡಿಸಿ ತನ್ನಿ.

ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚುವುದು ಬೇರೆ. ಕೋಳಿ ಬಿಟ್ಟರೆ ಥೈರಾಯಿಡ್ ಹೋಗುತ್ತದೆ ಎಂದು ನಂಬಿ ಮಾತ್ರೆಯನ್ನೇ ನಿಲ್ಲಿಸುವ ಅಕ್ಕಂದಿರು, ಅತ್ತಿಗೆಯರು ನಮ್ಮ ನಡುವೆ ಇದ್ದಾರೆ. ಥೈರಾಕ್ಸಿನ್ ರಕ್ತದಲ್ಲಿ ನಿಧಾನವಾಗಿ ಇಳಿಯುವುದರಿಂದ ಬಿಟ್ಟ ಮೊದಲ ವಾರ ಏನೂ ಆಗುವುದಿಲ್ಲ. ಅದನ್ನೇ ಗುಣವೆಂದು ತಿಳಿಯುತ್ತಾರೆ. ಆಮೇಲೆ ಸುಸ್ತು, ಊತ, ತೂಕ, ಮುಟ್ಟಿನ ಏರುಪೇರು ಒಂದೊಂದಾಗಿ ಹಿಂದಿರುಗುತ್ತವೆ. ಬಸುರಿಯಾಗಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೇ ಪೆಟ್ಟು. ಮಾತ್ರೆಯನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಳ್ಳಬೇಕು. ಕಾಫಿ ಅರ್ಧ ಗಂಟೆ ಕಾಯಲಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಅಳತೆ ಬದಲಿಸುವುದು ವೈದ್ಯರ ಕೆಲಸ. ಹುಟ್ಟಿದ ಮಗುವಿಗೂ ಒಂದು ಹನಿ ರಕ್ತದ ಪರೀಕ್ಷೆ ಮಾಡಿಸಿ. ನಮ್ಮ ದೇಶದಲ್ಲಿ ಸುಮಾರು ಸಾವಿರಕ್ಕೆ ಒಂದು ಮಗು ಕೆಲಸ ಮಾಡದ ಗ್ರಂಥಿಯೊಡನೆ ಹುಟ್ಟುತ್ತದೆ. ಮೊದಲ ವಾರಗಳಲ್ಲೇ ಮಾತ್ರೆ ಶುರುವಾದರೆ ಅದು ಎಲ್ಲ ಮಕ್ಕಳಂತೆ ಬೆಳೆದು ಓದುತ್ತದೆ, ತಡವಾದರೆ ಬುದ್ಧಿ ಕುಂಠಿತವಾಗುತ್ತದೆ.

ಉಪ್ಪಿನ ವಿಷಯ ಹೇಳಿ ಮುಗಿಸುತ್ತೇವೆ. ಬೆಟ್ಟದ ಮಣ್ಣಿನ ಅಯೋಡಿನನ್ನು ಮಳೆ ತೊಳೆದು ಒಯ್ದಿರುತ್ತದೆ, ಅಲ್ಲಿ ಬೆಳೆದ ತರಕಾರಿಯಲ್ಲಿ ಅದು ಕಡಿಮೆ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವುದನ್ನು 2006ರಿಂದ ದೇಶದಾದ್ಯಂತ ಮತ್ತೆ ನಿಷೇಧಿಸಲಾಗಿದೆ. ಮನೆ ತಲುಪುವಾಗ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ 15 ಪಾಲಾದರೂ ಅಯೋಡಿನ್ ಇರಬೇಕು. ತೂತ್ತುಕುಡಿ ಕಡೆಯ ಹರಳುಪ್ಪನ್ನು ಇಷ್ಟಪಡುವವರು ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದು ಬರೆದಿದೆಯೇ ನೋಡಿ ಕೊಳ್ಳಿ. ಉಪ್ಪಿನ ಡಬ್ಬಿಗೆ ಮುಚ್ಚಳವಿರಲಿ, ಒಲೆಯ ಪಕ್ಕದಿಂದ ದೂರವಿರಲಿ, ಸಾರಿಗೆ ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಿ. ಕೋಳಿಗೆ ಮನೆಯಲ್ಲೇ ಮೇವು ಕಲಸುವವರು ಅದೇ ಉಪ್ಪನ್ನು ನೂರು ಕಿಲೋ ಮೇವಿಗೆ 300 ಗ್ರಾಮಿನ ಲೆಕ್ಕದಲ್ಲಿ ಹಾಕಬಹುದು. ಅದಕ್ಕಿಂತ ಹೆಚ್ಚಾದರೆ ಕೋಳಿ ನೀರು ಕುಡಿದು ಕುಡಿದು ನೆಲದ ಹಾಸನ್ನೆಲ್ಲ ಒದ್ದೆ ಮಾಡುತ್ತದೆ.